ಮುಟ್ಟದ ಮಿರ್ಚಿ

ಹನುಮೇಶ ಮಿರ್ಚಿ ಬಜ್ಜಿಯ ತಟ್ಟೆಯನ್ನು ಮತ್ತೊಮ್ಮೆ ನೀಲಾವತಿಯ ಕಡೆಗೇ ಸರಿಸಿದ.

"ನೀವು ತಿನ್ರಿ. ನನಗ ಹಸಿವಿಲ್ಲ."

ನೀಲಾವತಿಯ ಎದೆ ಧಸಕ್ಕೆಂದಿತು. ಮಂಡಕ್ಕಿ ಒಗ್ಗರಣೆ ಬಂದಿತ್ತು, ಮುಟ್ಟಲಿಲ್ಲ. ಚಹಾ ಬಂದಿತ್ತು, ಕೆನೆಗಟ್ಟಿ ಕೂತಿತ್ತು. ಬಳ್ಳಾರಿಯಲ್ಲಿ ಕೂತು, ಬಿಸಿ ಮಿರ್ಚಿಯ ವಾಸನೆ ಮೂಗಿಗೆ ಬಡಿದರೂ ಕೈ ಚಾಚದ ಗಂಡಸನ್ನು ಅವಳು ಕಂಡದ್ದು ಇವತ್ತೇ.

ಅವಳ ಭಯಕ್ಕೆ ಕಾರಣವಿತ್ತು. ಅವರ ಮಂದಿಯಲ್ಲಿ ಹೆಣ್ಣು ನೋಡಲು ಬಂದವರು, ಸಂಬಂಧ ಒಪ್ಪಿಗೆಯಾಗುವ ತನಕ ಹೆಣ್ಣಿನ ಮನೆಯಲ್ಲಿ ಬಾಯಿಗೆ ಏನೂ ಹಾಕುವುದಿಲ್ಲ. ಹನ್ನೊಂದು ದಿನದ ಹಿಂದೆ ಸಿರುಗುಪ್ಪ ಕಡೆಯ ಕರೂರಿನಿಂದ ತೆಕ್ಕಲಕೋಟೆಗೆ, ಅವಳ ಮನೆಗೆ ಬಂದಿದ್ದ ಹನುಮೇಶನ ಕಡೆಯವರೂ ಬರೀ ನೀರು ಕುಡಿದು, "ತಿಳಿಸ್ತೀವ್ರಿ" ಎಂದು ಎದ್ದು ಹೋದವರು ತಿಳಿಸಲೇ ಇಲ್ಲ. ನಾಳೆ ಕುರುಗೋಡಿನಿಂದ ಇನ್ನೊಂದು ಗಂಡಿನವರು ಬರುತ್ತಾರೆ. ಕಾದು ಸಾಕಾದ ನೀಲಾವತಿ ನಾಚಿಕೆಯನ್ನು ಗಂಟುಮೂಟೆ ಕಟ್ಟಿಟ್ಟು, ತಾನೇ ಫೋನ್ ಮಾಡಿ ಅವನನ್ನು ಕರೆಸಿದ್ದಳು.

ಕರೆಸಿದ್ದು ಕೌಲ್ ಬಜಾರಿನಲ್ಲಿರುವ ಸೋದರತ್ತೆ ಎರ್ರಮ್ಮನ ಕೆಫೆಗೆ. ಅದು ಅತ್ತೆಯ ಮನೆಯ ಹಿತ್ತಲು; ಮೊದಲು ಅಲ್ಲಿ ಜೀನ್ಸ್ ಹೊಲಿಯುತ್ತಿದ್ದರು. ಈಗ ಬೇವಿನ ನೆರಳಲ್ಲಿ, ಮಲ್ಲಿಗೆ ಕುಂಡಗಳ ನಡುವೆ ಹಳೆಯ ಹೊಲಿಗೆ ಮಷಿನ್ನುಗಳೇ ಟೇಬಲ್ಲು. ಮೆನು ಕಾರ್ಡು ಜೀನ್ಸಿನ ಜೇಬಿನೊಳಗೆ. ಪೆಡಲು ತುಳಿದರೆ ಅಡುಗೆಮನೆಯಲ್ಲಿ ಗಂಟೆ ಹೊಡೆಯುತ್ತದೆ, ಅತ್ತೆ ಓಡಿ ಬರುತ್ತಾಳೆ. ನೀಲಾವತಿಯ ಕಾಲು ನಿಂತಲ್ಲಿ ನಿಲ್ಲದೆ ಇಷ್ಟರಲ್ಲೇ ನಾಲ್ಕು ಸಲ ಗಂಟೆ ಬಾರಿಸಿತ್ತು.

ಐದನೆಯದೂ ಬಾರಿಸಿತು. ಎರ್ರಮ್ಮ ಬಂದು ತಟ್ಟೆ ನೋಡಿದಳು, ಹನುಮೇಶನನ್ನು ನೋಡಿದಳು.

"ಯಾಕ್ರೀ, ತಿಂದಿಲ್ಲ?"

"ವಾಸ್ನಿ ಭಾಳ ಚಲೋ ಐತ್ರಿ."

"ವಾಸ್ನಿಲೆ ಹೊಟ್ಟಿ ತುಂಬಂಗಿಲ್ರೀ," ಎಂದು ಗೊಣಗುತ್ತಾ ಒಳಗೆ ಹೋದಳು.

ಹನುಮೇಶ ಸಿರುಗುಪ್ಪದಲ್ಲಿ ಭತ್ತ ಕೊಯ್ಯುವ ಮಷಿನ್ ರಿಪೇರಿ ಮಾಡುವವನು. ಎಷ್ಟು ತಿಕ್ಕಿ ತೊಳೆದು ಬಂದಿದ್ದರೂ ಉಗುರಿನ ಸಂದಿಯಲ್ಲಿ ಗ್ರೀಸು ಉಳಿದಿತ್ತು. ಅವನು ಕದ್ದು ಅವಳನ್ನು ನೋಡಿದ, ಅವಳು ನೋಡಿದೊಡನೆ ಮಿರ್ಚಿ ನೋಡಿದ, ಎಂಜಲು ನುಂಗಿದ. ಹಸಿವಿಲ್ಲದವನ ಗಂಟಲು ಹಾಗೆ ಕುಣಿಯುವುದಿಲ್ಲ. ಅಂದರೆ ಬೇಕೆಂದೇ ತಿನ್ನುತ್ತಿಲ್ಲ.

ಅವಳಿಗೆ ಇನ್ನು ತಡೆಯಲಾಗಲಿಲ್ಲ.

"ನಾ ಮನಸಿಗೆ ಬಂದಿಲ್ಲ ಅಂದ್ರ ನೇರ ಹೇಳಿಬಿಡ್ರಿ. ನಾಳೆ ಕುರುಗೋಡಿನವರು ಬರಾಕತ್ಯಾರ. ಹಿಂಗ ಮುಂದ ಕುಂತು ಕೊಲ್ಲಬ್ಯಾಡ್ರಿ."

ಹನುಮೇಶ ಗಾಬರಿಬಿದ್ದ. "ಅಯ್ಯೋ, ಹಂಗಲ್ರೀ! ಇದು ನಿಮ್ಮತ್ತಿ ಮನಿ ಹೌದಲ್ರಿ? ಅಂದ್ರ ಹೆಣ್ಣಿನ ಮನಿನ ಆತು. ನೀವು ಹೂಂ ಅನ್ನೂ ಮೊದಲ ನಾ ಹೆಂಗ ತಿನ್ಲಿ?"

"ನಾನಾ?"

"ಅವತ್ತು ಎಲ್ಲಾರೂ ನನ್ನ ಕೇಳಿದ್ರು, ಹುಡುಗಿ ಮನಸಿಗೆ ಬಂದ್ಲೇನು ಅಂತ. ನಿಮ್ಮನ್ನ ಒಬ್ರೂ ಕೇಳ್ಲಿಲ್ಲ. ಆಕಿ ಮನಸು ತಿಳಿಯೂತನಕ ಹೇಳಿ ಕಳಿಸಬ್ಯಾಡ್ರಿ ಅಂತ ಮನ್ಯಾಗ ಜಗಳ ತಗದೀನಿ. ನಾನ ಕೇಳೂಣಂತ ದಿನಾ ಫೋನ್ ಕೈಯಾಗ ಹಿಡೀತಿದ್ದೆ. ಬ್ಯಾಡ ಅಂದುಬಿಟ್ರ ಅಂತ ಹೆದರಿಕಿ. ನನಗಂತೂ ನೀವ ಬೇಕ್ರೀ."

ನೀಲಾವತಿಗೆ ಮೊದಲು ಸಿಟ್ಟು ಬಂತು. ಹನ್ನೊಂದು ದಿನ ತಾನು ಉಗುರು ಕಚ್ಚಿದ್ದು ಇವನ ಪುಕ್ಕಲುತನಕ್ಕಾ! ಸಿಟ್ಟಿನ ಬೆನ್ನಿಗೇ ಅಳು ಬಂತು. ಅಪ್ಪನೂ ಕೇಳದ ಮಾತನ್ನು ಇವನೊಬ್ಬ ಕೇಳಬೇಕೆಂದುಕೊಂಡಿದ್ದನಲ್ಲ ಎಂದು ಎದೆ ತುಂಬಿತು.

"ಈಗ ಹೇಳ್ರಿ," ಅವನು ತಟ್ಟೆಯತ್ತ ಕೈ ತೋರಿಸಿದ. "ತಿನ್ಲೋ, ಎದ್ದು ಹೋಗ್ಲೋ?"

ಅವಳು ತಟ್ಟೆಯನ್ನು ಎತ್ತಿಕೊಂಡು ಎದ್ದಳು. ಕುರ್ಚಿ ಹಿಂದಕ್ಕೆ ಸರಿಸಿ ಅವನೂ ಏಳಲು ಹೋದ.

"ಕುಂದರ್ರಿ," ಎಂದಳು ನೀಲಾವತಿ. ಕಣ್ಣು ತುಂಬಿತ್ತು, ತುಟಿ ನಗುತ್ತಿತ್ತು. "ಇವು ಆರಿ ಹೋಗ್ಯಾವು. ಮನಿ ಅಳಿಯಗ ಮೊದಲ ಸಲ ಆರಿದ್ದು ಕೊಟ್ರ ನಮ್ಮತ್ತಿ ನನ್ನ ಬಿಡಂಗಿಲ್ಲ."