ಒಂಬತ್ತು ಕೋಲು, ಒಂದು ವೆಜ್, ಗೋದಾಳ ಮೌನ

"ಅದನ್ನ ಕಳಸಬ್ಯಾಡ್ರಿ, ಬಾಯಾರ. ಡಾಕ್ಟರ ಮಾನ ಹೋಗ್ತದ."

ಗೋದಾ ತಲೆಯೆತ್ತಿದಳು. ಅಂಗಡಿಯ ಮೂಲೆಯಲ್ಲಿ ಅರ ಹಿಡಿದು ನಿಂತಿದ್ದವನು ದಿಗಂಬರ. ಬೆಳಗಾವಿಯವನು, ರಿಪೇರಿ ಕೆಲಸಕ್ಕೆ ಸೇರಿ ಅರ್ಧ ದಿನವೂ ಆಗಿರಲಿಲ್ಲ. ಆಗಲೇ ಬುದ್ಧಿವಾದ...

ಆದರೆ ಆ ಕಣ್ಣುಗಳೇಕೆ ಇಷ್ಟು ಶಾಂತವಾಗಿವೆ?

ಅದು 1938ರ ಮೇ ತಿಂಗಳು. ಪುಣೆಯ ಕ್ಯಾಂಪಿನಲ್ಲಿ ರಾಘಣ್ಣನವರದು ಆಟದ ಸಾಮಾನಿನ ಅಂಗಡಿ. ಅವರ ಕಣ್ಣು ಮಂಜಾದ ಮೇಲೆ ಮ್ಯಾಟ್ರಿಕ್ ಮುಗಿಸಿದ ಮಗಳು ಗೋದಾಳೇ ಅಂಗಡಿಯ ಕಣ್ಣು. ಆ ಕಣ್ಣು ಸದಾ ವಿಲಾಯತಿ ಕ್ಯಾಟಲಾಗಿನ ಮೇಲೆ. ಪುಣೆಯ ನೆಲದ ಮೇಲೆ ಅದಿನ್ನೂ ಬಿದ್ದಿರಲಿಲ್ಲ.

ಡಾಕ್ಟರ್ ಅವಧೂತರು ಲಂಡನ್ನಿನಿಂದ ಒಂಬತ್ತು ಕಬ್ಬಿಣದ ಗಾಲ್ಫ್ ಕೋಲು ತಂದಿದ್ದರು. ಚೆಂಡನ್ನು ಎತ್ತರಕ್ಕೆ ಹಾರಿಸಿ ಗುಳಿಯ ಹತ್ತಿರ ಮೆತ್ತಗೆ ಇಳಿಸುವ ಹತ್ತನೆಯ ಕೋಲು, ಅಂದರೆ ವೆಜ್, ಅದರಲ್ಲಿರಲಿಲ್ಲ. ಸೆಟ್ಟಿಗೆ ಹೊಂದುವಂಥದ್ದು ನೀವೇ ಆರಿಸಿ ಎಂದು ಒಂಬತ್ತನ್ನೂ ಅಂಗಡಿಗೆ ಕಳಿಸಿದ್ದರು. ಭಾನುವಾರ ಕ್ಲಬ್ಬಿನಲ್ಲಿ ಸಾಹೇಬರ ಜೊತೆ ಅವರ ಮೊದಲ ಆಟ.

ಗೋದಾ ಆರಿಸಿದ್ದು ಕ್ಯಾಟಲಾಗು ಹಾಡಿ ಹೊಗಳಿದ, ದಪ್ಪ ತಳದ ವೆಜ್.

"ದಪ್ಪ ತಳ ಉಸುಕಿಗೆ ಚೊಲೋರಿ," ಎಂದ ದಿಗಂಬರ. "ಈ ಬ್ಯಾಸಗ್ಯಾಗ ನಮ್ಮ ನೆಲ ಕಲ್ಲಾಗೇದ. ಕೋಲು ಪುಟದು ಚೆಂಡಿನ ನೆತ್ತಿಗೆ ಬಡೀತದ. ಇನ್ನೊಂದ್ರಿ, ಒಂಬತ್ತನೇ ಕೋಲಿನ ಮುಖಕ್ಕಿಂತ ಇದರ ಮುಖ ಭಾಳ ಹಿಂದಕ ಮಲಗೇದ. ನಡಕ ಒಂದು ಮೆಟ್ಟಲಾ ಹಾರಿಧಂಗ ಆಗ್ತದ. ಈ ತೆಳ್ಳನ ತಳದ್ದು ಕೊಡ್ರಿ, ಬರೋಬರಿ ಕೂಡತದ."

"ನೀವು ಗಾಲ್ಫ್ ಆಡೀರೇನು?"

"ಇಲ್ರಿ. ಆಡಿದವರ ಮುರದ ಕೋಲು ಕೂಡಿಸೀನಿ."

"ಹಂಗಾರ ಮುರದದ್ದು ಬಂದಾಗ ಮಾತಾಡ್ರಿ."

ಅವನು ತಲೆ ತಗ್ಗಿಸಿ ಕೆಲಸಕ್ಕೆ ಕೂತ. ಗೆದ್ದವಳು ಗೋದಾ; ದಪ್ಪ ತಳದ ವೆಜ್ಜೇ ಡಾಕ್ಟರಿಗೆ ಹೋಯಿತು. ಆದರೂ ಆ ಸಂಜೆ ಅವಳಿಗೆ ಊಟ ಸೇರಲಿಲ್ಲ.

ಮರುದಿನ ಅವನು ಒಣ ಭಾಕರಿ ತಿನ್ನುವುದನ್ನು ಕಂಡು ಗುರೆಳ್ಳು ಚಟ್ನಿಯ ಬಟ್ಟಲನ್ನು ಸದ್ದಿಲ್ಲದೆ ಅವನತ್ತ ಸರಿಸಿದಳು. ಅವನೂ ಸದ್ದಿಲ್ಲದೆ ಬಟ್ಟಲು ತೊಳೆದಿಟ್ಟ. ನಾಲ್ಕು ದಿನ ಹೀಗೇ ನಡೆಯಿತು. ಮಾತೇ ಆಡದೆ ಇಬ್ಬರೂ ಏನೇನೋ ಮಾತಾಡಿಕೊಂಡಿದ್ದರು!

ಭಾನುವಾರ ಡಾಕ್ಟರು ಚೆಂಡು ಹೊಡೆದರು. ಚೆಂಡು ಡಾಕ್ಟರ ಮಾನ ಹೊಡೆಯಿತು.

"ಮೂರು ಸಲ ಕೋಲು ಪುಟದು ಚೆಂಡು ನೆಲಾ ಹಿಡದು ಓಡಿತು, ರಾಘಣ್ಣ," ಸೋಮವಾರ ಅಂಗಡಿಗೆ ಬಂದ ಅವಧೂತರು ವೆಜ್ಜನ್ನು ಮೇಜಿನ ಮೇಲೆ ಕುಕ್ಕಿದರು. "'ಡಾಕ್ಟರ್, ಹೊಲ ಉಳಲಿಕ್ಕೆ ಬಂದೀರೇನು?' ಅಂದ್ರು ಸಾಹೇಬರು. ಎಲ್ಲಾರೂ ನಕ್ಕರು."

ರಾಘಣ್ಣನವರು ಮಂಜುಗಣ್ಣು ಎತ್ತಿದರು. "ಇದನ್ನ ಯಾರು ಆರಿಸಿದ್ರು?"

*ಹೇಳು ಗೋದಾ... ಈಗಲೇ ಹೇಳು...*

ಬಾಯಿ ಇತ್ತು. ನಾಲಿಗೆಯೂ ಇತ್ತು. ಧೈರ್ಯವೊಂದೇ ರಜೆ ಹಾಕಿತ್ತು.

"ನಾನ್ರಿ," ಎಂದ ದಿಗಂಬರ. "ಬಾಯಾರು ಬ್ಯಾಡಂದ್ರು. ನಾನ ಹಟಾ ಮಾಡಿದೆ."

"ನಾಳಿಂದ ಬರಬ್ಯಾಡ," ಎಂದರು ರಾಘಣ್ಣನವರು.

ಅವನು ಅರಗಳನ್ನು ಚೀಲಕ್ಕೆ ಹಾಕಿಕೊಂಡ. ಹೊಸ್ತಿಲಲ್ಲಿ ಒಮ್ಮೆ ಹಿಂತಿರುಗಿ ನೋಡಿದ. ಗೋದಾ ನೆಲ ನೋಡುತ್ತಿದ್ದಳು.

*ನನಗೆ ಭಿಕ್ಷೆ ಹಾಕಿ ಹೋದನೇ? ನನ್ನ ಸೊಕ್ಕಿಗೆ ಇದೇ ಅವನ ಉತ್ತರವೇ?* ಮೊದಲು ಸಿಟ್ಟು ಬಂತು. ಸಿಟ್ಟು ಇಳಿದ ಮೇಲೆ ಉಳಿದದ್ದು ನಾಚಿಕೆ ಮಾತ್ರ. ಕನ್ನಡಿಯಲ್ಲಿ ಕುಂಕುಮ ಇಟ್ಟುಕೊಳ್ಳಲೂ ಅವಳಿಗೆ ಮುಖವಿರಲಿಲ್ಲ.

ಎರಡು ದಿನ ಕಳೆದವು. ಮೂರನೆಯ ದಿನ ತೆಳ್ಳನೆಯ ತಳದ ವೆಜ್ ಹಿಡಿದು, ಅಪ್ಪನ ಕೈ ಹಿಡಿದು, ಅವಳು ಡಾಕ್ಟರ ದವಾಖಾನೆಗೆ ಹೋದಳು. ರೋಗಿಗಳೆಲ್ಲ ಕೇಳುವಂತೆ ಹೇಳಿದಳು.

"ತಪ್ಪು ನಂದ್ರಿ. ದಿಗಂಬರ ಬ್ಯಾಡಂದ್ರು, ನಾ ಕೇಳಲಿಲ್ಲ. ಅವರು ಸುಳ್ಳು ಹೇಳಿದಾಗೂ ಸುಮ್ಮನ ನಿಂತೆ. ಇದು ಅವರು ಆರಿಸಿದ್ದು."

ಅವಧೂತರು ವೆಜ್ಜನ್ನು ಕೈಗೆ ತೆಗೆದುಕೊಂಡರು. "ನಾ ಬರೇ ಆಟಾ ಸೋತೆ, ತಂಗಿ. ಆಂವ ಅನ್ನಾ ಕಳಕೊಂಡ," ಎಂದರು.

ದಾರಿಯಲ್ಲಿ ರಾಘಣ್ಣನವರು ಒಂದೇ ಮಾತು ಆಡಿದರು. "ನನಗ ಕಣ್ಣು ಕಾಣಸೂದಿಲ್ಲ. ನಿನಗೇನಾಗಿತ್ತು?"

ಅವರಿವರನ್ನು ಕೇಳುತ್ತ ಇಬ್ಬರೂ ತಾಮ್ರಗಾರರ ಓಣಿಯಾದ ತಾಂಬಟ್ ಆಳಿಗೆ ಬಂದರು. ಅಲ್ಲಿ ಕಿವಿ ಕಿವುಡಾಗುವಷ್ಟು ತಾಮ್ರ ಬಡಿಯುವ ಸದ್ದು. ದಿಗಂಬರ ಅಲ್ಲೊಂದು ಅಂಗಡಿಯಲ್ಲಿ ಹಂಡೆಯ ಅಂಚು ತಿಕ್ಕುತ್ತಿದ್ದ. ರಾಘಣ್ಣನವರು ಬೀದಿಯ ಆಚೆ ಚಹಾದ ಅಂಗಡಿಯಲ್ಲಿ ಕೂತರು.

ಗೋದಾಳನ್ನು ಕಂಡು ಅವನು ಗಡಬಡಿಸಿ ಎದ್ದ. "ಬಾಯಾರ, ಇಲ್ಲಿ ಯಾಕ ಬಂದ್ರಿ?"

"ದವಾಖಾನ್ಯಾಗ ಮಂದಿ ಮುಂದನ ಎಲ್ಲಾ ಹೇಳಿ ಬಂದೆ. ಡಾಕ್ಟರ್‌ಗೂ, ಅಪ್ಪಗೂ." ಅವಳ ಕಣ್ಣು ತುಂಬಿತು. "ನಿಮಗ ಹೇಳೂದು ಉಳದದ. ನನ್ನ ಕ್ಷಮಿಸ್ರಿ..."

"ಅಷ್ಟು ಮಂದ್ಯಾಗ ಹೇಳಬೇಕಿತ್ತೇನು?"

"ನೀವು ಯಾಕ ನನ್ನ ತಪ್ಪು ಹೊತ್ತ್ರಿ? ಕನಿಕರಾನ?"

ಅವನು ಕೈಗಂಟಿದ ತಾಮ್ರದ ಪುಡಿಯನ್ನು ಒರೆಸಿಕೊಂಡ. "ಕನಿಕರ ಅಲ್ರಿ. ನೀವು ತಲಿ ತಗ್ಗಿಸಿದ್ದು ನನಗ ನೋಡ್ಲಿಕ್ಕೆ ಆಗಲಿಲ್ಲ. ಯಾಕಂತ... ಆವಾಗ ನನಗೂ ಗೊತ್ತಿರಲಿಲ್ಲ."

"ಈಗ?"

"ಈಗ ಗೊತ್ತದ. ಆದ್ರ ಹೇಳ್ಲಿಕ್ಕೆ ನಾಚಿಕಿ ಬರ್ತದ."

ಗೋದಾ ಮೊದಲ ಬಾರಿಗೆ ಅವನ ಮುಖವನ್ನು ನೇರವಾಗಿ ನೋಡಿದಳು.

"ನಾಚಿಕಿ ಮೂರು ದಿನ ನಾ ಭಾಳ ಉಂಡೀನಿ. ಅದರಿಂದ ಯಾರೂ ಸಾಯೂದಿಲ್ಲ. ಹೇಳ್ರಿ."

"ನಿಮ್ಮ ಅಪ್ಪಾರು ಆ ಕಡೆ ಕೂತಾರ."

"ಅವರಿಗೆ ಹೇಳೇ ಕರಕೊಂಡು ಬಂದೀನಿ."

"ಏನಂತ?"

"ದಿಗಂಬರ ಇಲ್ಲದ ಅಂಗಡ್ಯಾಗ ನಾ ಕೂಡೂದಿಲ್ಲ ಅಂತ... ಅವರಿಲ್ಲದ ಮನ್ಯಾಗೂ."