ಕಾದು ಅಂದ ಹುಡುಗ

"ಆ ಡ್ರಿಲ್ ನಿಲ್ಲಿಸ್ತೀರಾ, ಇಲ್ಲ ನಾನೇ ಮೇಲೆ ಹತ್ತಿ ಬರ್ಲಾ?"

ವಳ್ಳೂರಿನ ಶಾಲೆಯ ಅಂಗಳದಲ್ಲಿ ನಿಂತು ಇಂಗ್ಲಿಷ್ ಕಲಿಸುವ ಅತಿಥಿ ಶಿಕ್ಷಕಿ ಲೋಹಿತಾ ಛಾವಣಿಯತ್ತ ಕೂಗಿದಳು. ಅಲ್ಲಿ ಸೋಲಾರ್ ಪ್ಯಾನೆಲ್ ಕೂರಿಸುತ್ತಿದ್ದವನು ಕೊರಟಗೆರೆಯ ಗೌರೀಶ್. ಅವನು ಡ್ರಿಲ್ ಆಫ್ ಮಾಡಿದ. ಏಣಿ ಇಳಿದು ಬಂದು, ಹೆಲ್ಮೆಟ್ ತೊಡೆಯ ಮೇಲಿಟ್ಟುಕೊಂಡು, ಬೆಲ್ ಹೊಡೆಯುವವರೆಗೂ ಮೆಟ್ಟಿಲ ಮೇಲೆ ಕೂತ. ಪೂರ್ತಿ ನಲವತ್ತು ನಿಮಿಷ.

'ಇಂಥ ಗಂಡಸರೂ ಇರ್ತಾರಾ...' ಪಾಠ ಮಾಡುತ್ತಲೇ ಅವಳು ಮೂರು ಸಲ ಕಿಟಕಿಯತ್ತ ನೋಡಿದಳು. ಮಕ್ಕಳು ಅದನ್ನು ಎಣಿಸಿಟ್ಟುಕೊಂಡಿದ್ದರು.

ವರ್ಷ ಕಳೆಯುವುದರೊಳಗೆ ಅವನ ಫೋನ್ ಬಾರದ ದಿನ ಅವಳಿಗೆ ಊಟ ಸೇರದಂತಾಗಿತ್ತು. ಆದರೆ ಮನಸ್ಸಿನಲ್ಲಿದ್ದದ್ದನ್ನು ಇಬ್ಬರೂ ಬಾಯಿಬಿಟ್ಟು ಹೇಳಿರಲಿಲ್ಲ.

ಅಷ್ಟರಲ್ಲಿ ವಿಯೆಟ್ನಾಂನಿಂದ ಆ ಈಮೇಲ್ ಬಂತು. ಹನೋಯ್ ನಗರದ ಒಂದು ಶಾಲೆಯಲ್ಲಿ ಎರಡು ವರ್ಷ ಇಂಗ್ಲಿಷ್ ಕಲಿಸುವ ಕೆಲಸ. ಶುಕ್ರವಾರ ಸಂಜೆಯೊಳಗೆ ಉತ್ತರ ಕೊಡಬೇಕು.

ತುಮಕೂರಿನ ಕಾಲೇಜಿನಲ್ಲಿ ಒಮ್ಮೆ 'ಇಸ್ಕೂಲ್' ಅಂದದ್ದಕ್ಕೆ ಇಡೀ ತರಗತಿ ಅವಳನ್ನು ನೋಡಿ ನಕ್ಕಿತ್ತು. ಆ ದಿನ ಹಾಸ್ಟೆಲ್ಲಿನ ಮೂಲೆಯಲ್ಲಿ ಕೂತು ಅತ್ತ ಹುಡುಗಿಯನ್ನು ಈಗ ಇನ್ನೊಂದು ದೇಶ ಇಂಗ್ಲಿಷ್ ಕಲಿಸಲು ಕರೆಯುತ್ತಿದೆ! ಹೋಗಬೇಕು ಅಂತ ಜೀವ ಹಾತೊರೆಯಿತು.

ಆದರೆ ಗೌರೀಶ್...? ಎರಡು ವರ್ಷ ಯಾರು ತಾನೇ ಕಾಯುತ್ತಾರೆ?

ಎದುರೆದುರು ಕೇಳಲು ನಾಲಿಗೆ ಏಳಲಿಲ್ಲ. ಎಲ್ಲವನ್ನೂ ಮೆಸೇಜಿನಲ್ಲಿ ಬರೆದು, ನಮ್ಮಿಬ್ಬರ ವಿಷಯಕ್ಕೆ ನೀವೇನಂತೀರಿ ಎಂದು ಕೇಳಿದಳು.

ಮದುವೆಯ ಮಾತು ಮೊದಲು ಹಿರಿಯರ ಕಿವಿಗೆ ಬೀಳಬೇಕು ಎನ್ನುವುದು ಗೌರೀಶನ ಮನೆಯ ರೂಢಿ. ಸೋಮವಾರ ರಜೆ ಹಾಕಿ ನೇರ ಅವಳ ಮನೆಗೇ ಬಂದ. ಲೋಹಿತಾ ತರಬೇತಿಗೆಂದು ಮಧುಗಿರಿಗೆ ಹೋಗಿದ್ದಳು. ಮನೆಯಲ್ಲಿದ್ದವಳು ಅವಳನ್ನು ಸಾಕಿ ಬೆಳೆಸಿದ ಅಜ್ಜಿ ಕರಿಬಸಮ್ಮ ಒಬ್ಬಳೇ. ಹೇಳಬೇಕಾದ್ದನ್ನು ಅಜ್ಜಿಗೇ ಹೇಳಿ, ಕೊಟ್ಟ ಮಜ್ಜಿಗೆ ಕುಡಿದು ಹೊರಟ.

ಕರಿಬಸಮ್ಮನ ತವರು ಆಂಧ್ರದ ಕಡೆ. ಬಾಯಿಗೆ ತೆಲುಗೇ ಮೊದಲು. ಸಂಜೆ ಮೊಮ್ಮಗಳು ಚಪ್ಪಲಿ ಬಿಡುವ ಮೊದಲೇ ಸುದ್ದಿ ಮುಟ್ಟಿಸಿದಳು. "ಪೆಳ್ಳಿ ಕಾದು ಅನ್ನಾಡಮ್ಮಾ."

ಮದುವೆ ಆಗೋದಿಲ್ಲ ಅಂದನಂತೆ.

ಮರುದಿನ ಗೌರೀಶ್ ಫೋನ್ ಮಾಡಿ, ಅಜ್ಜಿ ಹೇಳಿದರಾ ಎಂದು ಕೇಳಿದ. ಹೇಳಿದರು ಎಂದಷ್ಟೇ ಹೇಳಿ ಲೋಹಿತಾ ಫೋನ್ ಇಟ್ಟಳು. ಆ ಬಿರುಸು ದನಿ ಕೇಳಿ ಅವನು, ತನ್ನ ಮಾತು ಅವಳಿಗೆ ಇಷ್ಟವಾಗಲಿಲ್ಲ ಎಂದೇ ತಿಳಿದುಕೊಂಡ.

ಶುಕ್ರವಾರ ಮಧ್ಯಾಹ್ನ ಲೋಹಿತಾ ಮುಖ ತೊಳೆದುಕೊಂಡು ಕನ್ನಡಿಯ ಮುಂದೆ ನಿಂತಳು. 'ಅವನು ಒಪ್ಪಿದ್ದರೆ ಹೋಗ್ತಿದ್ದೆ ತಾನೇ? ಒಪ್ಪಲಿಲ್ಲ ಅಂದ್ರೆ ಕಲಿತ ಇಂಗ್ಲಿಷ್ ಮರೆತುಹೋಗುತ್ತಾ ನಿನಗೆ?'

ಫೋನ್ ತೆಗೆದು ಆ ಈಮೇಲ್ ತೆರೆದಳು. ಒಪ್ಪಿಗೆ ಕಳಿಸಿಯೇ ಬಿಟ್ಟಳು. ಕಳಿಸಿದ ಮೇಲೆ ಬಿಕ್ಕಿ ಬಿಕ್ಕಿ ಅತ್ತಳು, ಅದು ಬೇರೆ ಮಾತು.

ಕಣ್ಣೊರೆಸಿಕೊಂಡು ತಲೆಯೆತ್ತಿದರೆ ಬಾಗಿಲಲ್ಲಿ ಗೌರೀಶ್.

"ಕೆಲಸಕ್ಕೆ ಒಪ್ಕೊಂಡ್ರಾ?"

"ಒಪ್ಕೊಂಡೆ. ಯಾರಿಗೋಸ್ಕರಾನೂ ಅಲ್ಲ, ನನಗೋಸ್ಕರ."

ಅವನ ಮುಖ ಅರಳಿತು. "ಸದ್ಯ! ಎಲ್ಲಿ ಬುಟ್ಬುಡ್ತೀರೋ ಅಂತ ಹೆದರಿಕೊಂಡು ಓಡಿ ಬಂದೆ. ನನ್ನ ಮಾತು ಇಷ್ಟ ಆಗ್ದಿದ್ರೆ ಪರವಾಗಿಲ್ಲ, ಕೆಲಸ ಮಾತ್ರ ಬುಡಬಾರದು."

"ಯಾವ ಮಾತು? ಮದುವೆ ಆಗಲ್ಲ ಅಂದ್ರಲ್ಲ, ಅದಾ?"

"ನಾನೆಲ್ಲಿ ಅಂಗಂದೆ? ಮದುವೆ, ಎರಡು ವರ್ಷ ಕಾದು ಆಗ್ತೀನಿ ಅಂತಲ್ವಾ ಅಜ್ಜಿಗೆ ಹೇಳಿದ್ದು!"

ಕಾದು... ಲೋಹಿತಾ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಅವನ ಕನ್ನಡದಲ್ಲಿ ಕಾದು ಅಂದರೆ ಕಾಯುತ್ತಾ ಇದ್ದು. ಅಜ್ಜಿಯ ತೆಲುಗಿನಲ್ಲಿ ಕಾದು ಅಂದರೆ ಅಲ್ಲ, ಆಗೋದಿಲ್ಲ. ಊರ ಮಕ್ಕಳಿಗೆಲ್ಲ ಇಂಗ್ಲಿಷ್ ಹೇಳಿಕೊಡುವ ಟೀಚರಮ್ಮ ಮನೆಯ ಎರಡು ಭಾಷೆಗಳ ನಡುವೆ ಬಿದ್ದು ನಾಲ್ಕು ದಿನ ಅತ್ತಿದ್ದಳು!

"ನನ್ನ ಕಿವಿ ಸರಿಯಾಗೇ ಐತೆ ಕಣಪ್ಪ," ಒಳಗಿನಿಂದ ಕರಿಬಸಮ್ಮ ಹೇಳಿದಳು. "ನೀನು ಮದುವೆ ಅಂದೆ, ಕಾದು ಅಂದೆ. ನಾನು ಇನ್ನೇನು ಅನ್ಕಬೇಕಿತ್ತು?"

ತಪ್ಪು ಒಪ್ಪಿಕೊಳ್ಳುವ ಪೈಕಿ ಅಲ್ಲ ಆಕೆ. ಆದರೂ ಸಕ್ಕರೆ ಡಬ್ಬಿ ತಂದು ಇಬ್ಬರ ಬಾಯಿಗೂ ಒಂದೊಂದು ಚಿಟಿಕೆ ಹಾಕಿ ಒಳಗೆ ಹೋದಳು.

ಲೋಹಿತಾಳಿಗೆ ನಗುವೂ ಅಳುವೂ ಒಟ್ಟಿಗೇ ಬಂತು. "ನೀವಂದ್ರೆ ನನಗೆ ಪ್ರಾಣ, ಗೌರೀಶ್," ಎಂದು ಕೊನೆಗೂ ಬಾಯಿಬಿಟ್ಟಳು.

"ಮೊದಲನೇ ದಿನ ನಲವತ್ತು ನಿಮಿಷ ಮೆಟ್ಟಿಲ ಮೇಲೆ ಕೂತಿದ್ದೆ ಮೇಡಂ, ಯಾರಿಗೋಸ್ಕರ ಅನ್ಕೊಂಡ್ರಿ? ನೀವು ಪಾಠ ಮುಗಿಸ್ಕೊಂಡು ಬನ್ನಿ. ನಾನಿರ್ತೀನಿ."

ಅವಳು ಅವನ ಕೈ ಹಿಡಿದುಕೊಂಡಳು. "ನಾನು ಹೋಗೋದು ತಪ್ಪಾ?"

"ಕಾದು," ಎಂದ ಅವನು.

"ಇದು ಅಜ್ಜಿ ಭಾಷೇದಾ, ನಿಮ್ಮ ಭಾಷೇದಾ?"

"ಎರಡೂ."