ಸೋಪು ಹಚ್ಚಿ ತೆಗೆದ ಬಳೆ

"ನಮ್ಮವ್ವನ ಬಳಿ ಒಡದವ್ರು ಯಾರು?"

ಹುಲಗೇಶ ಹಾಗೆ ಕೂಗಿದ್ದು ಗಚ್ಚಿಬೌಲಿಯ ಆಸ್ಪತ್ರೆಯಲ್ಲಿ. ಆದರೆ ಅತ್ತ ಕಾಚಿಗುಡ ನಿಲ್ದಾಣದಲ್ಲಿ ನಿಂತಿದ್ದ ರೈಲೂ ಬೆಚ್ಚಿ ಓಡಿರಬೇಕು!

ನರ್ಸ್ ರೇಣುಕಾ ತಿರುಗಿದಳು. ತಾಳೆಮರದಂಥ ಆಳು, ತಲೆತುಂಬ ಟೈಲ್ಸ್ ಕೊಯ್ದ ಧೂಳು. ಕಣ್ಣುಗಳೋ, ಉರಿಯುವ ಎರಡು ಒಲೆ!

ಅಂಥ ಹೊತ್ತಲ್ಲೂ ಅವಳ ಹಾಳು ಮನಸ್ಸು ಅಂದಿತು, ಎಷ್ಟು ಚಂದದ ಕಣ್ಣು...

ಟ್ರೇಯಲ್ಲಿ ಹಸಿರು ಗಾಜಿನ ಚೂರುಗಳಿದ್ದವು.

"ಮುತ್ತೈದಿ ಬಳಿ ಅವು! ಒಡಿಯಾಕ ಕೈಯರ ಹೆಂಗ ಬಂತ್ರಿ? ನೀವೂ ಹೆಣಮಗಳ ಅಲ್ಲೇನ್ರಿ?"

ರೇಣುಕಾ ಟ್ರೇಯನ್ನು ಪಕ್ಕಕ್ಕೆ ಸರಿಸಿದಳು.

ನಡೆದದ್ದೇ ಬೇರೆ. ಅವನ ತಾಯಿ ಸಾಬಮ್ಮ ಕಟ್ಟಡದ ಕೆಲಸದಲ್ಲಿ ಬಿದ್ದು ಮುಂಗೈ ಮುರಿದುಕೊಂಡಿದ್ದಳು. ಕೈ ಊದಿ ಕುಂಬಳಕಾಯಿಯಾಗಿತ್ತು. ಆಪರೇಷನ್‌ಗೆ ಮುಂಚೆ ಬಳೆ ತೆಗೆಯಲೇಬೇಕು. "ಕತ್ತರಿಸಿಬಿಡು" ಎಂದರು ಎಲ್ಲರೂ. ರೇಣುಕಾ ಕೇಳಲಿಲ್ಲ. ಸೋಪು ಹಚ್ಚಿ, ಎಳೆಗೂಸನ್ನು ಹಿಡಿದಂತೆ ಹಿಡಿದು, ಒಂದೊಂದೇ ಜಾರಿಸಿದಳು. ಕೊನೆಯದು ಬರುವಾಗ ನೋವು ತಾಳದ ಸಾಬಮ್ಮ ಇನ್ನೊಂದು ಕೈಯನ್ನು ಮಂಚದ ಸರಳಿಗೆ ಬಡಿದುಬಿಟ್ಟಳು. ಆ ಕೈಯ ಬಳೆ ಚೂರುಚೂರು!

"ನನ್ನ ಕೈಯಾರೆ ನಾನ ಒಡಕೊಂಡೆ ಅಂತ ಯಾರಿಗೂ ಹೇಳಬ್ಯಾಡವ್ವಾ. ನಮ್ಮ ಮನಿಯಾಂವ ಅಪಶಕುನ ಅಂತ ಕೂಳು ಬಿಡ್ತಾನ."

"ಹೇಳಂಗಿಲ್ಲ ಬಿಡಬೇ" ಎಂದಿದ್ದಳು ರೇಣುಕಾ.

ಈಗ ಬಾಯಿಬಿಟ್ಟರೆ ನನ್ನ ಮಾನ ಉಳಿಯುತ್ತೆ... ನನ್ನನ್ನು ನಂಬಿದ ಆ ಜೀವದ್ದು?

"ಹೊರಗ ಕುಂದರ್ರಿ. ಅವ್ವಾರಿಗೆ ಚಲೋ ಆಗತೈತಿ" ಎಂದಳು, ಅಷ್ಟೇ.

ಅಂದಿನಿಂದ ಹುಲಗೇಶ ಅವಳ ಮುಖ ನೋಡಲಿಲ್ಲ. ತಾಯಿಗೆ ತುತ್ತು ಕಲಸಿ ತಿನ್ನಿಸುವವನನ್ನು ಅವಳು ಬಾಗಿಲ ಮರೆಯಿಂದ ನೋಡಿದ್ದೇ ನೋಡಿದ್ದು. ನುಂಗಿದ ಕಣ್ಣೀರಿಗೆ ಹುಸೇನ್ ಸಾಗರವೇ ತುಂಬುತ್ತಿತ್ತು!

ಮನೆಗೆ ಕಳಿಸುವ ದಿನ ರೇಣುಕಾ ಬ್ಯಾಂಡೇಜ್ ಬಟ್ಟೆಯ ಗಂಟೊಂದನ್ನು ಸಾಬಮ್ಮನ ಮಡಿಲಿಗಿಟ್ಟಳು. ಒಳಗೆ ಮುರಿದ ಕೈಯ ಬಳೆಗಳೆಲ್ಲ, ಒಂದೂ ಬಿರುಕು ಬಿಡದೆ!

ಸಾಬಮ್ಮ ಅತ್ತೇಬಿಟ್ಟಳು. "ಹುಲಗ್ಯಾ, ಬಳಿ ಒಡದಾಕಿ ನಾನಪಾ! ಈಕಿ ನನ್ನ ಮಾತಿಗೆ ಬಾಯಿ ಮುಚ್ಚಿದ್ಲು. ನೀ ಬೈದಿ!"

ಆ ಸಂಜೆ ರೇಣುಕಾ ಡ್ಯೂಟಿ ಮುಗಿಸಿ ಬಂದರೆ ಗೇಟಿನ ಬಳಿ ಅವನೇ. ಕೈಯಲ್ಲಿ ಕಾಗದದ ಪೊಟ್ಟಣ.

"ತಪ್ಪಾತ್ರಿ... ಅವ್ವಗ ಹೊಸಾ ಬಳಿ ತಗೊಂಡೆ. ನಿಮಗೂ ತಂದೀನಿ."

"ನನ್ನ ಅಳತಿ ಹೆಂಗ ಗೊತ್ತಾತ್ರಿ?"

"ಟೈಲ್ಸ್ ಕೂಡ್ಸಾಂವ್ರಿ. ಅಳತಿ ಕಣ್ಣಾಗ ಐತಿ. ಅವತ್ತ ನೋಡಿದ್ದೆ."

"ಬೈಯೂ ಮುಂದ ನನ್ನ ಕೈ ನೋಡಾಕತ್ತಿದ್ರೇನ್ರಿ!"

ಹುಲಗೇಶನ ಕಿವಿ ಟೊಮೇಟೊ ಆದವು. ಅವಳು ನಗುತ್ತಲೇ ಕೈ ಚಾಚಿದಳು. ಅವನು ಒಂದೊಂದೇ ಬಳೆ ತೊಡಿಸಿದ.

"ಬಿಗಿ ಆದವ್ರೀ... ತೆಗಿಯಾಕ ಸೋಪು ಬೇಕು."

"ತೆಗಿಯೋದ್ಯಾಕ?"

"ಡ್ಯೂಟಿಯೊಳಗ ಬಳಿ ಹಾಕಂಗಿಲ್ರಿ. ರೋಗಿಗೆ ತಾಗತಾವು. ದಿನಾ ತೆಗಿಬೇಕು."

ಅವನು ಅವಳ ಕೈ ಬಿಡಲಿಲ್ಲ.

"ತೆಗೀರಿ. ದಿನಾ ಸಂಜಿಕ ಬಂದು ನಾ ಹಾಕ್ತೀನಿ."

"ದಿನಾ ಅಂದ್ರ... ಎಲ್ಲೀ ತನಕ?"

"ನಿಮ್ಮ ಕೈ ಮುಪ್ಪಾಗಿ ಬಳಿ ಸಡ್ಲ ಆಗೂ ತನಕ."